ಪೆನ್ಸಿಲ್ಲಿನಲ್ಲಿದ್ದ ಹನ್ನೊಂದು ಅಡಿ

ಅವರ ಬಲಗಿವಿಯ ಹಿಂದೆ ಒಂದು ಸಣ್ಣ ತಗ್ಗಿತ್ತು. ನಲವತ್ತು ವರ್ಷ ಅಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಆದ ತಗ್ಗು. ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಗಣೇಶನ ಗುಡಿಯಲ್ಲಿ ಕಣ್ಣುಮುಚ್ಚಿ ಕೈಮುಗಿದು ನಿಂತಾಗಲೂ, ಯಾರದೋ ಮದುವೆಯಲ್ಲಿ ತಲೆಗೆ ಪೇಟ ಸುತ್ತಿಸಿಕೊಂಡಾಗಲೂ ಒಂದು ಮೊಂಡು ಪೆನ್ಸಿಲ್ ಅಲ್ಲಿಂದ ಇಣುಕುತ್ತಿತ್ತು. ಅಂಗಿಯ ಜೇಬಿನಲ್ಲಿ ಶಾಯಿ ಪೆನ್ನು. ಸೊಂಟದಲ್ಲಿ, ಉಳಿದ ಗಂಡಸರು ಫೋನು ಸಿಕ್ಕಿಸಿಕೊಳ್ಳುವ ಕಡೆ, ಚರ್ಮದ ಚೀಲದೊಳಗೆ ನೂರಡಿಯ ಸ್ಟೀಲ್ ಟೇಪು. ಫೋನನ್ನು ಮನೆಯಲ್ಲಿ ಮರೆತು ಬರುತ್ತಿದ್ದರು. ಟೇಪನ್ನು ಎಂದೂ ಮರೆತವರಲ್ಲ.

ನಾನು ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ನ್ಯೂಜೆರ್ಸಿಯಲ್ಲಿ ಕೂದಲು ನರೆತ ಪ್ರತಿಯೊಬ್ಬ ಭಾರತೀಯನೂ ಅಂಕಲ್ಲೇ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಇವರಷ್ಟು ನನ್ನ ತಲೆ ತಿಂದ ಅಂಕಲ್ ಇನ್ನೊಬ್ಬರಿಲ್ಲ. ತೀರಿಕೊಂಡವರ ಬಗ್ಗೆ ಹೀಗೆ ಬರೆಯಬಾರದು ಎಂದು ನನಗೂ ಗೊತ್ತು. ಅವರೇ ಇದ್ದಿದ್ದರೆ, "ಬರಿ ತಂಗೀ, ಧಾರಾಳ ಬರಿ. ಆದ್ರ ಎಷ್ಟ ತಲಿ ತಿಂದೆ ಅಂತ ಅಳದು ಬರಿ" ಎನ್ನುತ್ತಿದ್ದರು.

ಅವರು ಧಾರವಾಡದವರು. ಸೇತುವೆಗಳ ತಪಾಸಣೆ ಮಾಡುವ ಎಂಜಿನಿಯರ್ ಆಗಿದ್ದು ನಿವೃತ್ತರಾಗಿ ಮಾರಿಸ್‌ಟೌನಿನಲ್ಲಿ ಮಗಳ ಜೊತೆ ಇದ್ದರು. ನಾನು ಮೈಸೂರಿನವಳು. ಮನೆ ಹ್ಯಾರಿಸನ್ನಿನ ಅಪಾರ್ಟ್‌ಮೆಂಟು, ಕೆಲಸ ಮಾರಿಸ್‌ಟೌನಿನ ಒಂದು ಆಫೀಸು. ಇಷ್ಟೇ ಆಗಿದ್ದರೆ ನಾವಿಬ್ಬರೂ ಯುಗಾದಿಗೊಮ್ಮೆ ನಮಸ್ಕಾರ ಹೇಳಿಕೊಂಡು ಸುಖವಾಗಿರುತ್ತಿದ್ದೆವು. ಆದರೆ ನಮ್ಮ ಕನ್ನಡ ಕೂಟದವರು ವಾರ್ಷಿಕ ಸಂಚಿಕೆಯ ಸಂಪಾದಕಿಯ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಕಟ್ಟಿದ ಮರುದಿನವೇ ಅಂಕಲ್ ನಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತರು.

"ಒಂದು ಚರಿತ್ರಿ ಬರೀಲಿಕ್ಕತ್ತೇನಿ. ನಿಮ್ಮ ಸಂಚಿಕಿಗೆ ಕೊಡತೇನಿ."

ನನಗೆ ಖುಷಿಯೇ ಆಯಿತು. ಬನವಾಸಿಯೋ ಬಾದಾಮಿಯೋ ಇರಬೇಕು ಎಂದುಕೊಂಡು, "ಯಾವುದರ ಚರಿತ್ರೆ ಅಂಕಲ್?" ಎಂದೆ.

"ಸ್ಕೀ ಜಂಪಿನ ಗುಡ್ಡದ್ದು."

ಹಡ್ಸನ್ ನದಿಯ ಗುಂಟ ಉತ್ತರಕ್ಕೆ ಎರಡು ಗಂಟೆ ಡ್ರೈವ್ ಮಾಡಿದರೆ ಒಂದು ಸಣ್ಣ ಊರು, ಅದರ ಬೆನ್ನಿಗೆ ಆ ಗುಡ್ಡ. ಒಂದು ಕಾಲಕ್ಕೆ ಅದರ ನೆತ್ತಿಯ ಮೇಲೆ ಮರದ ಭಾರೀ ಅಟ್ಟಣೆ ಇತ್ತು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡವರು ಅಟ್ಟಣೆಯ ಮೇಲಿಂದ ಜಾರಿ ಬಂದು, ಅದರ ಕೊನೆಯ ಅಂಚಿನಿಂದ ಗಾಳಿಗೆ ಹಾರಿ, ಕೆಳಗಿನ ಹಿಮದ ಇಳಿಜಾರಿನಲ್ಲಿ ಕಾಲೂರುತ್ತಿದ್ದರು. ಅಂಚಿನಿಂದ ಕಾಲೂರಿದ ಜಾಗಕ್ಕೆ ಎಷ್ಟು ದೂರ ಎನ್ನುವುದರ ಮೇಲೆ ಗೆಲುವು ಸೋಲು. ನಾರ್ವೆಯಿಂದ ವಲಸೆ ಬಂದ ಬಡಗಿಗಳು ಅದನ್ನು ಕಟ್ಟಿದರಂತೆ. ಚಳಿಗಾಲದ ಭಾನುವಾರ ನ್ಯೂಯಾರ್ಕಿನಿಂದ ಜನ ರೈಲು ತುಂಬಿ ಬರುತ್ತಿದ್ದರಂತೆ. ಒಮ್ಮೆ ಬಿರುಗಾಳಿಗೆ ಅಟ್ಟಣೆ ಬಿತ್ತು, ಮತ್ತೆ ಕಟ್ಟಿದರು. ಆಮೇಲೆ ಹಿಮ ಸರಿಯಾಗಿ ಬೀಳದ ವರ್ಷಗಳು ಬಂದವು, ಆಟ ನಿಂತಿತು, ಮರ ಕೊಳೆಯಿತು. ಈಗ ಅಲ್ಲಿ ಇರುವುದು ಕಾಡು, ಅಟ್ಟಣೆಯ ಕಂಬಗಳು ನಿಂತಿದ್ದ ಕಾಂಕ್ರೀಟಿನ ಕೆಲವು ಪಾದಗಳು, ತೀರ್ಪುಗಾರರು ಹತ್ತುತ್ತಿದ್ದ ಕಲ್ಲಿನ ಮೆಟ್ಟಿಲು.

ಇದನ್ನೆಲ್ಲ ನಾನು ನಾಲ್ಕು ಸಾಲಿನಲ್ಲಿ ಹೇಳಿದೆ. ಅಂಕಲ್ ಇದಕ್ಕೆ ಮೂರು ವರ್ಷ ತೆಗೆದುಕೊಂಡರು, ಮೂರೂ ವರ್ಷ ನನ್ನ ಕಾರಿನಲ್ಲಿ. ಕಣ್ಣಿನ ಆಪರೇಷನ್ ಆದ ಮೇಲೆ ಅವರ ಕಾರಿನ ಕೀಲಿಯನ್ನು ಮಗಳು ಎತ್ತಿಟ್ಟುಬಿಟ್ಟಿದ್ದಳು.

ಮೊದಲ ಸಲ ಹೋದಾಗ ಅರ್ಧ ದಿನದ ಮಾತಾಗಿತ್ತು. ಮೆಟ್ಟಿಲು ಎಣಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ಹತ್ತುವಾಗ ಒಂದು ಲೆಕ್ಕ ಬಂತು, ಇಳಿಯುವಾಗ ಒಂದು ಹೆಚ್ಚಿಗೆ ಬಂತು.

"ಒಂದು ಮೆಟ್ಟಿಲಲ್ವಾ ಅಂಕಲ್, ಯಾರು ಕೇಳ್ತಾರೆ?"

"ಗುಡ್ಡ ಕೇಳತೈತಿ" ಎಂದು ಮತ್ತೆ ಹತ್ತಿದರು. ಎಂಬತ್ತರ ಹತ್ತಿರದ ಮನುಷ್ಯನನ್ನು ಒಬ್ಬರನ್ನೇ ಬಿಡಲಾದೀತೆ, ನಾನೂ ಹತ್ತಿದೆ. ಅರ್ಧ ಮುರಿದ ಮೆಟ್ಟಿಲೊಂದನ್ನು ಒಮ್ಮೆ ಎಣಿಸಿ ಒಮ್ಮೆ ಬಿಟ್ಟಿದ್ದೆವು ಎಂದು ಪತ್ತೆಯಾಯಿತು. ಅವರ ಮುಖ ನೋಡಬೇಕಿತ್ತು, ಲಾಟರಿ ಹೊಡೆದವರ ಹಾಗಿತ್ತು. ನನ್ನ ಹೊಸ ಜೀನ್ಸು ಮುಳ್ಳಿಗೆ ಹರಿದಿತ್ತು. ಪಾರ್ಕಿಂಗ್ ಜಾಗದಲ್ಲಿ ಕೂತು ಅವರು ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ತಿನ್ನುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಅವರು ಮಾತ್ರ ಉದ್ದನೆಯ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ಲಿನಲ್ಲಿ ಬರೆದಿದ್ದ ಅಂಕಿಯನ್ನು ರಬ್ಬರಿನಿಂದ ಅಳಿಸಿ, ಜೇಬಿನ ಪೆನ್ನು ತೆಗೆದು, ಶಾಯಿಯಲ್ಲಿ ಬರೆದರು.

ಅದು ಅವರ ಪದ್ಧತಿ. ಯಾರೋ ಹೇಳಿದ್ದು, ಎಲ್ಲೋ ಓದಿದ್ದು, ತಮಗೇ ಅನಿಸಿದ್ದು ಎಲ್ಲ ಪೆನ್ಸಿಲ್ಲಿನಲ್ಲಿ. ತಾವೇ ಅಳೆದು ನೋಡಿದ್ದು, ಅದೂ ಎರಡೆರಡು ಸಲ ಅಳೆದದ್ದು ಶಾಯಿಯಲ್ಲಿ. ಸೇತುವೆಯ ಬಿರುಕುಗಳನ್ನು ಬರೆದುಕೊಳ್ಳುವಾಗ ಕಲಿತದ್ದಂತೆ. ಪೆನ್ಸಿಲ್ಲಿನ ಸಾಲನ್ನು ಅವರು ಯಾರಿಗೂ ಓದಿ ಹೇಳುತ್ತಿರಲಿಲ್ಲ. ಮೊಮ್ಮಗನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡುವಾಗಲೂ ಮೊದಲು ಪೆನ್ಸಿಲ್, ಆಮೇಲೆ ಆ ಹುಡುಗನನ್ನು ಬೂಟು ಬಿಚ್ಚಿಸಿ ಮತ್ತೆ ನಿಲ್ಲಿಸಿ ಶಾಯಿ.

"ನಿಮಗ್ಯಾಕೆ ಅಂಕಲ್ ಈ ಗುಡ್ಡದ ಹುಚ್ಚು? ನೀವೇನು ಸ್ಕೀ ಮಾಡಿದವರಾ?" ಎಂದು ಒಂದು ದಿನ ಬರುವ ದಾರಿಯಲ್ಲಿ ರೇಗಿಯೇ ಕೇಳಿದೆ. ಮುಂದೆ ಉದ್ದಕ್ಕೂ ಟ್ರಾಫಿಕ್ ನಿಂತಿತ್ತು. ಅವರು ಆಗ ಹೇಳಿದರು.

ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಆಫೀಸಿನಲ್ಲಿ ಅವರು ಏನು ಹೇಳಿದರೂ ಜನ ಇನ್ನೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದ ದಿನಗಳು. ಸಹೋದ್ಯೋಗಿಯೊಬ್ಬ ಆಟ ನೋಡಲು ಆ ಗುಡ್ಡಕ್ಕೆ ಕರೆದುಕೊಂಡು ಹೋದ. ಆಗ ದೂರ ಅಳೆಯಲು ಯಂತ್ರ ಇರಲಿಲ್ಲ. ಇಳಿಜಾರಿನ ಪಕ್ಕದಲ್ಲಿ ಸಾಲಾಗಿ ಜನ ನಿಲ್ಲುತ್ತಿದ್ದರು, ಒಬ್ಬೊಬ್ಬರಿಗೆ ಇಷ್ಟಿಷ್ಟು ಅಡಿ. ಜಿಗಿದವನು ಯಾರ ಮುಂದೆ ಕಾಲೂರಿದನೋ ಅವರು ಕೈಯೆತ್ತಿ ಅಂಕಿ ಕೂಗಬೇಕು. ಅವತ್ತು ಒಬ್ಬ ಬಂದಿರಲಿಲ್ಲ. ಮಂಕಿಕ್ಯಾಪು ಹಾಕಿಕೊಂಡು ನಿಂತಿದ್ದ ಈ ಧಾರವಾಡದ ಮನುಷ್ಯನನ್ನು ಆ ಜಾಗಕ್ಕೆ ನಿಲ್ಲಿಸಿದರು.

"ಒಬ್ಬ ಮುದುಕ ನನಗ ಹೇಳಿಕೊಟ್ಟ. ಮಾರಿ ನೋಡಬ್ಯಾಡ, ಕಾಲು ನೋಡು ಅಂದ. ಹಾರಿ ಬರಾಂವನ ಮಾರಿ ನೋಡಿದ್ರ ನಮ್ಮ ಕಣ್ಣು ಮೋಸ ಮಾಡತಾವ. ನಾ ಕಾಲು ನೋಡಿದೆ, ಕೈ ಎತ್ತಿದೆ, ಕೂಗಿದೆ. ಮ್ಯಾಲಿದ್ದ ತೀರ್ಪುಗಾರ ಬರಕೊಂಡ." ಮತ್ತೆ ಅಂದರು, "ಮತ್ತೊಬ್ಬರನ್ನ ಕೇಳಲಿಲ್ಲ ತಂಗೀ. ನಾ ಹೇಳಿದ್ದನ್ನ ಹಂಗ ಬರಕೊಂಡ."

ನನ್ನ ಸಿಟ್ಟು ಅರ್ಧ ದಿನ ಇಳಿದಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ, ಮುಂದಿನ ಶನಿವಾರ ಮತ್ತೆ ಹೋಗೋಣವೇ ಎಂದು ಕೇಳಿದಾಗ ವಾಪಸ್ಸು ಏರಿತು.

ಆ ಗುಡ್ಡದ ಅತಿ ದೂರದ ಜಿಗಿತ ಯಾರದೆಂದು ಊರವರಿಗೆಲ್ಲ ಗೊತ್ತಿತ್ತು. ಜಿಗಿದವನು ಅದೇ ಊರಿನ ಬಡಗಿ, ತೊಂಬತ್ತು ದಾಟಿ ಅಲ್ಲಿನ ವೃದ್ಧಾಶ್ರಮದಲ್ಲಿದ್ದ. ಅವನು ಕಾಲೂರಿದ ಜಾಗದ ಪಕ್ಕ ಊರವರು ಒಂದು ಕಬ್ಬಿಣದ ಗೂಟ ಹೊಡೆದಿದ್ದರು, ಅದು ಇನ್ನೂ ಇತ್ತು. ಎರಡನೆಯ ವರ್ಷ ಅಂಕಲ್ ನನ್ನನ್ನು ಅವನ ಹತ್ತಿರ ಕರೆದುಕೊಂಡು ಹೋದರು. ಗಾಲಿಕುರ್ಚಿಯಲ್ಲಿ ಕೂತಿದ್ದ, ಮೊಣಕಾಲಿನ ಮೇಲೆ ಕಂಬಳಿ. ತನ್ನ ಜಿಗಿತದ ಅಂಕಿ ಹೇಳಿದ. ಗಾಳಿಗೆ ಬೀಳುವ ಮೊದಲಿನ ಹಳೆಯ ಅಟ್ಟಣೆಯಿಂದ ಜಿಗಿದದ್ದು ಎಂದೂ ಹೇಳಿದ. ನಾನು ವಾಪಸ್ಸು ಹೋಗುವ ಟ್ರಾಫಿಕ್ ಲೆಕ್ಕ ಹಾಕುತ್ತ ಗಡಿಯಾರ ನೋಡುತ್ತಿದ್ದೆ. ಮುದುಕ ನೋಟುಬುಕ್ಕಿನ ಕಡೆ ಬಗ್ಗಿ, "ನನ್ನದನ್ನು ಪೆನ್ಸಿಲ್ಲಿನಲ್ಲಿ ಬರೆದಿರಲ್ಲ?" ಎಂದು ಕೇಳಿದ.

ಅಂಕಲ್ ತಮ್ಮ ಇಂಗ್ಲಿಷಿನಲ್ಲಿ ಪದ್ಧತಿ ವಿವರಿಸಿದರು. ಅಳೆದ ಮೇಲೆ ಶಾಯಿ ಎಂದರು. ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಬೇಗ ಅಳೆಯಿರಿ, ನನಗೆ ಹೆಚ್ಚು ಸಮಯವಿಲ್ಲ ಎಂದ.

ಬೇಗ! ಅಂಕಲ್ಲಿಗೆ ಆ ಶಬ್ದ ಗೊತ್ತಿದ್ದರೆ ತಾನೆ. ಆ ವರ್ಷದ ಸಂಚಿಕೆ ಅವರ ಲೇಖನವಿಲ್ಲದೆ ಹೋಯಿತು. ಅದರ ಹಿಂದಿನದೂ ಹಾಗೇ ಹೋಗಿತ್ತು. ಎರಡು ವರ್ಷವೂ "ಮುಂದಿನ ಸಂಚಿಕೆಯಲ್ಲಿ ನಿರೀಕ್ಷಿಸಿ" ಎಂದು ನಾನೇ ಹಾಕಿದ್ದೆ. ಕೂಟದ ಕಾರ್ಯದರ್ಶಿ ಎದುರು ಸಿಕ್ಕಾಗಲೆಲ್ಲ, "ನಿಮ್ಮ ಗುಡ್ಡ ಇಳೀತಾ?" ಎಂದು ಛೇಡಿಸುತ್ತಿದ್ದ.

ಮೂರನೆಯ ವರ್ಷ ಬೇಸಿಗೆಯಲ್ಲಿ ಅಳೆದೆವು. ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿ, ಸೊಳ್ಳೆಗಳು ನನ್ನ ಕುತ್ತಿಗೆಯಲ್ಲಿ. ಅಟ್ಟಣೆಯ ಅಂಚಿದ್ದ ಕಾಂಕ್ರೀಟಿನ ಪಾದದಿಂದ ಹಿಡಿದು ಕಬ್ಬಿಣದ ಗೂಟದವರೆಗೆ, ನೂರಡಿಗೊಮ್ಮೆ ಮೊಳೆ ನೆಟ್ಟು, ಎರಡು ಸಲ ಅಳೆದೆವು. ಎರಡು ಸಲವೂ ಮುದುಕ ಹೇಳಿದ್ದಕ್ಕಿಂತ ಹನ್ನೊಂದು ಅಡಿ ಕಡಿಮೆ ಬಂತು.

ಅಂಕಲ್ ಅದನ್ನು ಬರೆದುಕೊಂಡರು, ಪೆನ್ಸಿಲ್ಲಿನಲ್ಲಿ. "ಈ ಅಂಚು ನಾ ನಿಂತು ನೋಡಿದ್ದ ಅಂಚು. ಅಂವ ಜಿಗಿದದ್ದು ಹಳೀ ಅಟ್ಟಣಿಯಿಂದ. ಅದರ ಅಂಚು ಎಲ್ಲಿತ್ತು ಅಂತ ಗೊತ್ತಾಗಬೇಕು. ಎಲಿ ಉದುರಲಿ, ಆಮ್ಯಾಲ ಬರೂಣು."

ಎಲೆ ಉದುರುವುದು ಅಕ್ಟೋಬರ್ ಕೊನೆಗೆ. ಸಂಚಿಕೆ ಅಚ್ಚಿಗೆ ಹೋಗಬೇಕಾದದ್ದು ಸೆಪ್ಟೆಂಬರಿನಲ್ಲಿ. ಅಳೆದಾಯಿತು, ಎರಡು ಸಲ ಅಳೆದಾಯಿತು, ಇನ್ನೇನು ಬೇಕು? ಊರವರು ತಮ್ಮ ಹುಡುಗನ ಜಿಗಿತಕ್ಕೆ ಒಂದಷ್ಟು ಅಡಿ ಸೇರಿಸಿಕೊಂಡಿರುತ್ತಾರೆ, ಲೋಕದಲ್ಲಿ ನಡೆಯುವುದೇ ಹಾಗೆ ಎಂದುಕೊಂಡೆ. ಟೈಪ್ ಮಾಡಿಡುತ್ತೇನೆ ಎಂದು ನೋಟುಬುಕ್ಕು ಇಸಿದುಕೊಂಡೆ. ಟೈಪ್ ಮಾಡಿದೆ, ಹಾಗೇ ಅಚ್ಚಿಗೂ ಕಳಿಸಿದೆ. ಅವರನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು ಎಂದು ಆಗ ನನ್ನ ಸಮರ್ಥನೆ. ಟೈಪಾದ ಪುಟದಲ್ಲಿ ಪೆನ್ಸಿಲ್ಲೂ ಒಂದೇ ಶಾಯಿಯೂ ಒಂದೇ ಎಂಬುದು ನನಗೆ ಹೊಳೆಯಲೇ ಇಲ್ಲ. "ಊರವರು ಕೊಂಡಾಡುವ ದಾಖಲೆ ಹನ್ನೊಂದು ಅಡಿ ಉಬ್ಬಿಸಿದ್ದು" ಎಂದು ನಾನೇ ಸೇರಿಸಿದ ಸಾಲು ಚೆನ್ನಾಗಿ ಕಾಣಲೆಂದು ಅದನ್ನು ದಪ್ಪ ಅಕ್ಷರದಲ್ಲಿ ಬೇರೆ ಹಾಕಿಸಿದೆ.

ರಾಜ್ಯೋತ್ಸವದ ದಿನ, ಎಡಿಸನ್ನಿನ ಒಂದು ಶಾಲೆಯ ಸಭಾಂಗಣದಲ್ಲಿ ಸಂಚಿಕೆ ಬಿಡುಗಡೆಯಾಯಿತು. ಅಂಕಲ್ ಖುಷಿಪಡುತ್ತಾರೆ ಎಂದು ನಾನೇ ಮೊದಲ ಪ್ರತಿಯನ್ನು ಅವರ ಕೈಗಿಟ್ಟೆ. ಊಟದ ಸಾಲಿನಲ್ಲಿ ನಿಂತು ಓದುತ್ತಿದ್ದರು. ಅವರ ಮುಂದೆ ಸಾಲು ಸರಿಯಿತು, ಅವರು ಸರಿಯಲಿಲ್ಲ. ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ತಂಗೀ, ಇದು ಪೆನ್ಸಿಲ್‌ದಾಗ ಇತ್ತಲ್ಲ."

"ಅಂಕಲ್, ಡೆಡ್‌ಲೈನ್ ಇತ್ತು. ಮೂರು ವರ್ಷ ಆಯ್ತು. ನಾನಾದ್ರೂ ಎಷ್ಟು ಅಂತ ಕಾಯ್ಲಿ?"

"ಅಂವನ್ನ ಸುಳ್ಳ ಮಾಡಿದ್ವಿ."

"ಅವರು ಕನ್ನಡ ಓದ್ತಾರಾ ಅಂಕಲ್? ಆ ಊರಲ್ಲಿ ಯಾರಾದ್ರೂ ಕನ್ನಡ ಓದ್ತಾರಾ? ಯಾರಿಗೆ ಗೊತ್ತಾಗುತ್ತೆ?"

ಅಂಕಲ್ ನನ್ನ ಮೇಲೆ ದನಿ ಏರಿಸಿದವರಲ್ಲ. ಅವತ್ತೂ ಏರಿಸಲಿಲ್ಲ. "ಓದಾಂವ ಇಲ್ಲಂತ ಅವನ ಜಿಗಿತ ಕಡಿಮಿ ಮಾಡೂದೇನು?" ಎಂದರು. ತಟ್ಟೆಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು, ಊಟ ಮಾಡದೆ ಹೋದರು.

ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು. ಆದರೂ ಮುಂದಿನ ಶನಿವಾರ ನಾನಾಗಿಯೇ ಕಾರು ತೆಗೆದುಕೊಂಡು ಅವರ ಮನೆ ಮುಂದೆ ನಿಂತೆ. ಅವರು ಕೋಲು, ಟೇಪು ಹಿಡಿದು ಬಂದು ಕೂತರು. ಗುಡ್ಡದಲ್ಲಿ ಎಲೆಯೆಲ್ಲ ಉದುರಿ ನೆಲ ಕಾಣುತ್ತಿತ್ತು. ನಾವು ಬೇಸಿಗೆಯಲ್ಲಿ ಅಳೆದ ಪಾದಗಳ ಸಾಲಿನ ಮೇಲುಗಡೆ ಅಂಕಲ್ ಕೋಲಿನಿಂದ ಕೆದರುತ್ತ ಹೋದರು. ಒಂದು ಕಡೆ ಕೋಲು ಟಕ್ ಎಂದಿತು. ಕೈಯಿಂದ ಮಣ್ಣು ಸರಿಸಿದೆವು. ಕಾಂಕ್ರೀಟಿನ ಇನ್ನೊಂದು ಪಾದ, ಅದರಲ್ಲಿ ತುಕ್ಕು ಹಿಡಿದ ಬೋಲ್ಟು. ಅದರ ಪಕ್ಕದಲ್ಲಿ ಇನ್ನೊಂದು. ಬಿರುಗಾಳಿಯ ನಂತರ ಮತ್ತೆ ಕಟ್ಟಿದಾಗ ಅಂಚನ್ನು ಕೆಳಕ್ಕೆ ತಂದಿದ್ದರು. ಹಳೆಯ ಅಂಚಿನಿಂದ ಗೂಟಕ್ಕೆ ಎರಡು ಸಲ ಅಳೆದೆವು. ಮುದುಕ ಹೇಳಿದ ಅಂಕಿಗೂ ನಮ್ಮದಕ್ಕೂ ಒಂದು ಗೇಣಿನ ವ್ಯತ್ಯಾಸವೂ ಇರಲಿಲ್ಲ.

ಅಂಕಲ್ ಆ ಪಾದದ ಮೇಲೆ ಕೂತು, ಪೆನ್ಸಿಲ್ಲಿನ ಸಾಲನ್ನು ರಬ್ಬರಿನಿಂದ ಅಳಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ನಿಮಗೆ ನಮ್ಮ ಅಂಕಲ್ ಗೊತ್ತಿಲ್ಲ. ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕೋಣ ಎಂದೆ. ಅವರು ಒಪ್ಪಲಿಲ್ಲ. ತಪ್ಪು ಯಾವ ಪುಟದಲ್ಲಿದೆಯೋ ಒಪ್ಪೂ ಅದೇ ಪುಟದಲ್ಲಿರಬೇಕಂತೆ. ಎರಡು ಬೆರಳಗಲದ ಚೀಟಿಗಳನ್ನು ಅಚ್ಚು ಮಾಡಿಸಿ, ಕತ್ತರಿಯಿಂದ ತಾವೇ ಕತ್ತರಿಸಿ, ಗೋಂದಿನ ಸೀಸೆ ಹಿಡಿದು ನನ್ನ ಕಾರಿನಲ್ಲಿ ಕೂತರು. ಸಂಚಿಕೆ ಹೋಗಿದ್ದ ಮನೆಗಳಿಗೆಲ್ಲ ಹೋಗಬೇಕು. ಆ ಇಡೀ ಚಳಿಗಾಲದ ನನ್ನ ಶನಿವಾರಗಳು ಹೀಗೆ ಹೋದವು.

ಕನ್ನಡ ಸಂಚಿಕೆಯನ್ನು ನಮ್ಮ ಜನ ಏನೇನಕ್ಕೆ ಬಳಸುತ್ತಾರೆ ಎಂಬುದನ್ನು ನಾನು ಆಗ ಕಂಡೆ. ಒಂದು ಮನೆಯಲ್ಲಿ ಬಿಸಿ ಪಾತ್ರೆಯ ಕೆಳಗೆ. ನಮ್ಮ ಹ್ಯಾರಿಸನ್ನಿನ ಕಟ್ಟಡದಲ್ಲೇ ಒಬ್ಬರು ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಫ್ಲಶಿಂಗಿನ ಗುಡಿಯ ಕ್ಯಾಂಟೀನಿನಲ್ಲಿ ಒಂದರ ಮೇಲೆ ಸಾಂಬಾರು ಚೆಲ್ಲಿ ಒಣಗಿತ್ತು. ಅದನ್ನೂ ಬಿಡಲಿಲ್ಲ, ಪುಟಗಳನ್ನು ಮೆಲ್ಲಗೆ ಬಿಡಿಸಿ ಅಂಟಿಸಿದರು. ಬಾಗಿಲು ತೆಗೆದ ಹುಡುಗಿಯೊಬ್ಬಳು ಒಳಗೆ ತಿರುಗಿ, "ಮಾಮ್, ದ ಸ್ಕೀ ಅಂಕಲ್ ಈಸ್ ಹಿಯರ್!" ಎಂದು ಕೂಗಿದಳು. ನಾನು ನಾಚಿಕೆಯಿಂದ ಶೂ ಬಿಚ್ಚುವ ನೆಪದಲ್ಲಿ ಕೆಳಗೆ ನೋಡಿದೆ. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ಅದೇ ವಿವರಣೆ. ಚೀಟಿ ಅಂಟಿಸಿ, ಅಂಗೈಯಿಂದ ಒತ್ತಿ, ಕಣ್ಣುಮುಚ್ಚಿ ಹತ್ತು ಎಣಿಸುತ್ತಿದ್ದರು. ತಪ್ಪು ನನ್ನದೆಂದು ಒಂದು ಮನೆಯಲ್ಲೂ ಹೇಳಲಿಲ್ಲ. "ನಮ್ಮ ಕಡಿಂದ ಒಂದು ತಪ್ಪಾಗೇತ್ರಿ" ಎಂದೇ ಎಲ್ಲ ಕಡೆ ಹೇಳಿದರು.

ಕೊನೆಯ ಚೀಟಿಯನ್ನು ಆ ಮುದುಕನ ಪ್ರತಿಗೆಂದು ಉಳಿಸಿಕೊಂಡಿದ್ದರು. ಕನ್ನಡ ಬಾರದವನಿಗೆ ಕನ್ನಡ ಸಂಚಿಕೆಯ ಒಂದು ಪ್ರತಿ! ಹೋದಾಗ ಅವನು ಹಾಸಿಗೆ ಹಿಡಿದಿದ್ದ. ಅಂಕಲ್ ಎಲ್ಲವನ್ನೂ ಹೇಳಿದರು. ನಿಮ್ಮನ್ನು ಸುಳ್ಳುಗಾರ ಎಂದು ಅಚ್ಚು ಹಾಕಿದೆವು, ನೀವು ಓದಲಾರದ ಭಾಷೆಯಲ್ಲಿ ಹಾಕಿದೆವು, ಈಗ ತಿದ್ದಿದ್ದೇವೆ ಎಂದರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಈ ವಯಸ್ಸಿನಲ್ಲಿ ಅವನಿಗೆ ಇದನ್ನೆಲ್ಲ ಹೇಳಿ ನೋಯಿಸುವುದು ಯಾಕೆ?

ಮುದುಕ ಅಂಕಲ್ಲಿನ ಕೈಯಲ್ಲಿದ್ದ ಸಂಚಿಕೆಯ ಕಡೆ ನೋಡಿದ. ಆಮೇಲೆ ಅದನ್ನು ಓದಿ ಹೇಳಿ ಎಂದ. ಇಂಗ್ಲಿಷಿನಲ್ಲಿ ಬೇಡ, ಬರೆದಿರುವ ಹಾಗೇ ಓದಿ ಎಂದ. ಅಂಕಲ್ ಎದ್ದು ನಿಂತು, ಆ ಎರಡು ಬೆರಳಗಲದ ಚೀಟಿಯನ್ನು ಧಾರವಾಡದ ದನಿಯಲ್ಲಿ ಗಟ್ಟಿಯಾಗಿ ಓದಿದರು. ಅವನ ಹೆಸರು ಬಂದಾಗ ಮುದುಕನ ಹುಬ್ಬು ಏರಿತು. ಅಂಕಿಯನ್ನು ಅಂಕಲ್ ಇಂಗ್ಲಿಷಿನಲ್ಲೂ ಹೇಳಿದರು.

"ಪೆನ್ಸಿಲ್ಲೋ?" ಎಂದು ಮುದುಕ ಕೇಳಿದ.

"ಶಾಯಿ" ಎಂದರು ಅಂಕಲ್.

ಅವನು ಕಂಬಳಿಯೊಳಗಿನಿಂದ ಒಂದು ಕೈಯನ್ನು ಹೊರಗೆ ತೆಗೆದು, ಇಳಿಜಾರಿನ ಪಕ್ಕ ನಿಂತವರು ಎತ್ತುತ್ತಿದ್ದ ಹಾಗೆ, ಮೇಲಕ್ಕೆತ್ತಿದ. ಮೂರು ವಾರಕ್ಕೆ ತೀರಿಕೊಂಡನೆಂದು ಆಶ್ರಮದವರು ಫೋನ್ ಮಾಡಿದರು.

ಅಂಕಲ್ ಹೋದದ್ದು ಕಳೆದ ಫೆಬ್ರವರಿಯಲ್ಲಿ. ಎರಡು ದಿನ ಜ್ವರ, ಮೂರನೆಯ ದಿನ ಬೆಳಿಗ್ಗೆ ಇಲ್ಲ. ಸ್ವಲ್ಪ ದಿನ ಬಿಟ್ಟು ಮಗಳು ಕರೆದು ನೋಟುಬುಕ್ಕು ಕೊಟ್ಟಳು. ಅವಳಿಗೆ ಕನ್ನಡ ಓದಲು ಬಾರದು. "ಹಿ ಸೆಡ್ ಇಟ್ಸ್ ಯುವರ್ಸ್, ಅಕ್ಕಾ" ಎಂದಳು. ಶನಿವಾರಗಳು ಈಗ ಪೂರ್ತಿ ನನ್ನವೇ. ಅವುಗಳನ್ನು ಏನು ಮಾಡಬೇಕೆಂದು ತೋಚದೆ ಬೆಳಗಿನ ಏಳಕ್ಕೆ ಎದ್ದು ಫೋನು ನೋಡುತ್ತೇನೆ. ಆಫೀಸಿನಲ್ಲಿ ಯಾರಾದರೂ ಒಂದು ಅಂಕಿ ಹೇಳಿದರೆ, ಇದು ಎಲ್ಲಿಂದ ಬಂತು, ಯಾರು ನೋಡಿದ್ದು ಎಂದು ಕೇಳಿ ಅವರ ತಲೆ ತಿನ್ನುತ್ತೇನೆ. ಹನ್ನೊಂದು ಅಡಿ ಕೆಳಗೆ ನಿಂತು ಒಬ್ಬರನ್ನು ಸುಳ್ಳುಗಾರನೆಂದು ಕರೆದವಳು ನಾನು. ಆ ತಪ್ಪನ್ನು ಮನೆಮನೆಗೂ ಹೋಗಿ ಅಂಗೈಯಿಂದ ಒತ್ತಿದವರು ಅವರು. ಈ ಋಣ ನನ್ನಿಂದ ತೀರುವಂಥದ್ದಲ್ಲ.

ನೋಟುಬುಕ್ಕಿನಲ್ಲಿ ಈಗ ಎಲ್ಲವೂ ಶಾಯಿಯಲ್ಲಿದೆ: ಮೆಟ್ಟಿಲು, ಪಾದಗಳು, ಎರಡು ಅಂಚುಗಳು, ಗೂಟ. ಕೊನೆಯ ಪುಟದಲ್ಲಿ ಮಾತ್ರ, ನೆರವಾದವರ ಹೆಸರುಗಳ ಕೆಳಗೆ, ಒಂದೇ ಒಂದು ಸಾಲು ಪೆನ್ಸಿಲ್ಲಿನಲ್ಲಿ ಉಳಿದಿದೆ. "ಸಂಪಾದಕಿ ತಂಗಿ ಬಹಳ ತಾಳ್ಮೆಯವಳು."

ಎರಡು ಸಲ ಅಳೆದರೂ ಲೆಕ್ಕ ಕೂಡಿಬರಲಿಲ್ಲ ಅಂತ ಕಾಣುತ್ತದೆ. ನಾನು ಅದನ್ನು ಅಳಿಸಿಲ್ಲ, ಅದರ ಮೇಲೆ ಶಾಯಿಯಲ್ಲೂ ಬರೆದಿಲ್ಲ.